ಏಜ್ ಆಫ್ ಎಂಪೈರ್ಸ್ 2 ತೆಗೆದುಕೊಳ್ಳಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಫ್ಯಾನಿನ ಧೂಳು ತೆಗೆಸಲು, ಎಸ್‌ಎಸ್‌ಡಿ ಹಾಕಿಸಲು ಬಂದವರು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಹೊರಡುವಾಗ ಮೆಲ್ಲ ಕೇಳುವ ಪ್ರಶ್ನೆ ಒಂದುಂಟು: "ಇದರಲ್ಲಿ ಏಜ್ ಆಫ್ ಎಂಪೈರ್ಸ್ ಓಡ್ತದಾ? ದುಡ್ಡು ಕೊಟ್ಟು ತೆಗೆದುಕೊಂಡರೆ ಮೋಸ ಇಲ್ಲವಾ?" ಮಣಿಪಾಲದ ಹಾಸ್ಟೆಲ್ ಹುಡುಗರು ಕೇಳುತ್ತಾರೆ, ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಬೀದಿಯ ಮಾಮನೂ ಕೇಳಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ಒಣಗಿದ್ದಕ್ಕೆ ಇಲ್ಲಿ ಬರೆದಿಟ್ಟಿದ್ದೇನೆ. ಗೊತ್ತಿಲ್ಲದವರಿಗೆ: ಊರು ಕಟ್ಟಿ, ಸೈನ್ಯ ಬೆಳೆಸಿ ಎದುರಾಳಿಯನ್ನು ಸೋಲಿಸುವ ಕಂಪ್ಯೂಟರ್ ಆಟ ಇದು, ರಿಯಲ್ ಟೈಮ್ ಸ್ಟ್ರಾಟಜಿ ಎಂಬ ಜಾತಿಯದ್ದು.

ಒಂದೇ ಮಾತಲ್ಲಿ ಹೇಳಿ ಮಾರಾಯ್ರೇ, ತೆಗೆದುಕೊಳ್ಳುದಾ ಬೇಡವಾ?

ವಾರಕ್ಕೆ ಎರಡು ಸಲವಾದರೂ ಮುಕ್ಕಾಲು ಗಂಟೆ ಏಳದೆ ಕೂರುವಷ್ಟು ಬಿಡುವು ಉಂಟಾದರೆ, ಸೋತಾಗ ಸಿಟ್ಟಿನ ಜೊತೆ "ಎಲ್ಲಿ ತಪ್ಪಿತು" ಅಂತ ತಲೆ ಕೆರೆದುಕೊಳ್ಳುವ ಸ್ವಭಾವ ನಿಮ್ಮದಾದರೆ, ತೆಗೆದುಕೊಳ್ಳಿ. ಅದೂ ಸೇಲಿನಲ್ಲಿ. ಬಸ್ಸು ಬರುವ ತನಕ ಹತ್ತು ನಿಮಿಷ ಕಳೆಯಲು ಏನಾದರೂ ಬೇಕು ಅನ್ನುವವರಿಗೆ ಇದು ಆಗುವುದಿಲ್ಲ.

ಗ್ರಾಫಿಕ್ಸ್ ನೋಡಿ ತೀರ್ಮಾನ ಮಾಡಬೇಡಿ. ಯೂಟ್ಯೂಬಿನಲ್ಲಿ ಪಳಗಿದವರು ಆಡುವುದನ್ನು ನೋಡಿಯೂ ಬೇಡ. ಅವರು ನಿಮಿಷಕ್ಕೆ ನೂರಾರು ಸಲ ಕ್ಲಿಕ್ ಮಾಡುತ್ತಾರೆ. ಅದನ್ನು ನೋಡಿದ ಅರ್ಧ ಜನ ಹೆದರಿ ಹಿಂದೆ ಸರಿಯುತ್ತಾರೆ, ಉಳಿದರ್ಧ ತಾವೂ ಹಾಗೇ ಆಡುತ್ತೇವೆ ಅಂದುಕೊಂಡು ಕೊಳ್ಳುತ್ತಾರೆ. ಇಬ್ಬರದೂ ತಪ್ಪು ಲೆಕ್ಕ.

ರಿಯಲ್ ಟೈಮ್ ಸ್ಟ್ರಾಟಜಿ ಅಂದರೆ ಎಂತದ್ದು? ಚೆಸ್ ಹಾಗಾ?

ಚೆಸ್ಸಿನಲ್ಲಿ ನೀವು ಕಾಯಿ ನಡೆಸುವ ತನಕ ಎದುರಿನವ ಸುಮ್ಮನೆ ಕೂರುತ್ತಾನೆ. ಇಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ. ನೀವು ಮರ ಕಡಿಸುತ್ತಿರುವ ಹೊತ್ತಿಗೆ ಅವನು ಬಿಲ್ಲುಗಾರರನ್ನು ಕಳಿಸಿಯಾಗಿರುತ್ತದೆ.

ಶುರುವಿನಲ್ಲಿ ಸಿಗುವುದು ಇಷ್ಟೇ: ಊರಿನ ನಡುಕಟ್ಟಡವಾದ ಒಂದು ಟೌನ್ ಸೆಂಟರ್, ಕೆಲಸ ಮಾಡುವ ಮೂವರು ವಿಲೇಜರ್‌ಗಳು, ಸುತ್ತಮುತ್ತ ನೋಡಿ ಬರಲು ಕುದುರೆ ಮೇಲೊಬ್ಬ ಸ್ಕೌಟ್. ಉಗ್ರಾಣದಲ್ಲಿ 200 ಆಹಾರ, 200 ಮರ, 100 ಚಿನ್ನ, 200 ಕಲ್ಲು. ಒಬ್ಬ ವಿಲೇಜರ್‌ಗೆ 50 ಆಹಾರ ಬೇಕು, ಅವನು ಹೊರಬರಲು 25 ಸೆಕೆಂಡು. 500 ಆಹಾರ ಕೂಡಿಸಿದರೆ ಫ್ಯೂಡಲ್ ಯುಗ, ಆಮೇಲೆ 800 ಆಹಾರ 200 ಚಿನ್ನಕ್ಕೆ ಕ್ಯಾಸಲ್ ಯುಗ, ಕೊನೆಗೆ 1000 ಆಹಾರ 800 ಚಿನ್ನ ಕೊಟ್ಟು ಇಂಪೀರಿಯಲ್. ಹೆಸರಿಗೆ ಯುದ್ಧದ ಆಟ. ಮೊದಲ ಕಾಲು ಗಂಟೆ ಮಾತ್ರ ಬರೀ ಮನೆವಾರ್ತೆ: ಅಕ್ಕಿ ಎಷ್ಟುಂಟು, ಸೌದೆ ಎಷ್ಟುಂಟು, ಕೆಲಸದವರು ಎಲ್ಲಿ ಕೂತರು.

ನಿಮಗೆ ಹಿಡಿಸುತ್ತದಾ ಇಲ್ಲವಾ ಎಂಬುದು ಕಾಡುಹಂದಿಯ ಹತ್ತಿರ ಗೊತ್ತಾಗುತ್ತದೆ. ಟೌನ್ ಸೆಂಟರಿನಿಂದ ಸ್ವಲ್ಪ ದೂರದಲ್ಲಿ ಹಂದಿಗಳು ಇರುತ್ತವೆ, ಒಂದೊಂದರಲ್ಲಿ 340 ಆಹಾರ. ಹಂದಿಗೆ 75 ಜೀವ, ನಿಮ್ಮ ವಿಲೇಜರ್‌ಗೆ 25. ಒಬ್ಬನನ್ನೇ ಕಳಿಸಿ ಸುಮ್ಮನೆ ಬಿಟ್ಟರೆ ಸಾಯುವವನು ಅವನೇ. ಒಂದೆರಡು ಬಾಣ ಬಿಟ್ಟು ಹಂದಿಯನ್ನು ಕೆರಳಿಸಿ, ಅದು ಅಟ್ಟಿಸಿಕೊಂಡು ಬರುವಾಗ ಓಡಿ ಓಡಿ ಟೌನ್ ಸೆಂಟರಿನ ಬುಡಕ್ಕೆ ತರಬೇಕು. ಅಲ್ಲಿ ಉಳಿದವರು ಬಿಲ್ಲು ಹಿಡಿದು ಕಾಯುತ್ತಿರಬೇಕು. ತೋಟಕ್ಕೆ ಹಂದಿ ನುಗ್ಗಿದಾಗ ಎದುರು ನಿಲ್ಲುವುದು ಎಷ್ಟು ಕೆಟ್ಟ ಉಪಾಯ ಅಂತ ಕಾರ್ಕಳ, ಹೆಬ್ರಿ ಕಡೆಯವರಿಗೆ ವಿವರಿಸಬೇಕಾಗಿಲ್ಲ. 50 ಚಿನ್ನ ಕೊಟ್ಟು ಲೂಮ್ ಎಂಬ ಮಗ್ಗದ ತಂತ್ರಜ್ಞಾನ ಮೊದಲೇ ತೆಗೆದರೆ ಜೀವ 40ಕ್ಕೆ ಏರುತ್ತದೆ, ಆದರೆ ಆ 25 ಸೆಕೆಂಡಿನಲ್ಲಿ ಒಬ್ಬ ಕೆಲಸದವ ಕಡಿಮೆ ಆಗುತ್ತಾನೆ. ಆಟವಿಡೀ ಇಂಥ ಚೌಕಾಶಿಯೇ. ಪಕ್ಕದ ಮನೆಯ ಹುಡುಗ ಮೊದಲ ದಿನ ಹಂದಿಯ ಬಾಯಿಗೆ ಮೂವರನ್ನು ಕೊಟ್ಟ. ನಾಲ್ಕನೆಯ ಸಲ ತಂದು ಮುಟ್ಟಿಸಿದಾಗ ಅವನು ಹಾಕಿದ ಕೂಗಿಗೆ ಅವನ ಅಜ್ಜಿ ಅಡುಗೆಮನೆಯಿಂದ ಓಡಿ ಬಂದರು. ಅವನಿಗೆ ಆಟ ತೆಗೆಸಿಕೊಡಬಹುದು ಅಂತ ನಾನು ಅವತ್ತೇ ಹೇಳಿದೆ.

1999ರ ಆಟ ಅಲ್ಲವಾ? ಈಗ ಯಾವುದನ್ನು ಕೊಳ್ಳಬೇಕು?

ಹೆಸರುಗಳ ಗೊಂದಲ ಇರುವುದು ನಿಜ. ಅಮೆರಿಕದ ಡಲ್ಲಾಸಿನ ಎನ್‌ಸೆಂಬಲ್ ಸ್ಟುಡಿಯೋಸ್ 1997ರಲ್ಲಿ ಮೊದಲನೆಯದನ್ನು, 1999ರಲ್ಲಿ ಎರಡನೆಯದನ್ನು ತಂದಿತು. 2000ದಲ್ಲಿ ಅದಕ್ಕೊಂದು ವಿಸ್ತರಣೆ ಬಂತು. ಮಂಗಳೂರಿನ ಹಂಪನಕಟ್ಟೆ ಸುತ್ತಿನ ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ಆಡಿದ ನನ್ನ ವಯಸ್ಸಿನವರಿಗೆ ನೆನಪಿರುವುದು ಅದೇ. ಸ್ಟುಡಿಯೋ 2009ರಲ್ಲಿ ಬಾಗಿಲು ಹಾಕಿತು. ಅಭಿಮಾನಿಗಳು ಮಾತ್ರ ಆಟವನ್ನು ಬಿಡಲಿಲ್ಲ. ಅವರೇ ಹೊಸ ಭಾಗಗಳನ್ನು ಕಟ್ಟಿದರು, ಅದೇ ಗುಂಪು ಮುಂದೆ ಅಧಿಕೃತವಾಗಿ ಕೆಲಸಕ್ಕೆ ಸೇರಿತು. 2013ರಲ್ಲಿ ಎಚ್‌ಡಿ ಆವೃತ್ತಿ, 2019ರ ನವೆಂಬರಿನಲ್ಲಿ ಡೆಫಿನಿಟಿವ್ ಎಡಿಷನ್.

ಕೊಳ್ಳಬೇಕಾದದ್ದು ಈ ಡೆಫಿನಿಟಿವ್ ಎಡಿಷನ್ ಮಾತ್ರ. ಹಳೆಯ ಆವೃತ್ತಿ ಎಲ್ಲಾದರೂ ಕಡಿಮೆಗೆ ಸಿಕ್ಕಿದರೂ ಬಿಟ್ಟುಬಿಡಿ. ಹೊಸದರಲ್ಲಿ ಗದ್ದೆ ಸವೆದಾಗ ತಾನಾಗಿ ಮತ್ತೆ ಬಿತ್ತನೆ ಆಗುವ ಏರ್ಪಾಡು ಉಂಟು, ಸ್ಕೌಟನ್ನು ತಾನಾಗಿ ಸುತ್ತಲು ಬಿಡಬಹುದು, ಒಬ್ಬ ವಿಲೇಜರ್‌ಗೆ ಸಾಲಾಗಿ ನಾಲ್ಕು ಕೆಲಸ ಹೇಳಿಡಬಹುದು. ಹಳೆಯದರಲ್ಲಿ ಅರವತ್ತು ಗದ್ದೆಗೂ ಕೈಯಾರೆ ಬಿತ್ತಿದವರಿಗೆ ಗೊತ್ತು ಇದರ ಬೆಲೆ.

ನನ್ನ ಲ್ಯಾಪ್‌ಟಾಪ್ ಆರೇಳು ವರ್ಷ ಹಳೆಯದು. ಓಡ್ತದಾ?

ಹೆಚ್ಚಿನವು ಓಡುತ್ತವೆ. 64-ಬಿಟ್ ವಿಂಡೋಸ್ 10, ಕನಿಷ್ಠ 4 ಜಿಬಿ ರ‍್ಯಾಮ್, ಡಿಸ್ಕಿನಲ್ಲಿ 30 ಜಿಬಿ ಜಾಗ ಅಂತ ಕಂಪನಿ ಹೇಳುತ್ತದೆ. ನನ್ನ ಲೆಕ್ಕ 8 ಜಿಬಿ ಮತ್ತು ಎಸ್‌ಎಸ್‌ಡಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಆಟ ತೆರೆಯುವಷ್ಟರಲ್ಲಿ ಚಾ ಮಾಡಿ ಕುಡಿದು ಲೋಟ ತೊಳೆದಿಡಬಹುದು.

ಕರಾವಳಿಯವರಿಗೆ ನನ್ನದೊಂದು ಬೇರೆ ಮಾತು. ಇಲ್ಲಿಯ ಉಪ್ಪುಗಾಳಿ, ತೇವ, ಧೂಳು ಮೂರೂ ಸೇರಿ ಫ್ಯಾನಿನ ಎಲೆಗಳ ಮೇಲೆ ಕಂಬಳಿಯಂತೆ ಕೂರುತ್ತವೆ. ಮೊನ್ನೆ ಮಲ್ಪೆಯಿಂದ ಬಂದ ಒಂದು ಲ್ಯಾಪ್‌ಟಾಪನ್ನು ಬಿಚ್ಚಿದರೆ ಗಾಳಿ ಹೊರಹೋಗುವ ಕಿಂಡಿಯೇ ಮುಚ್ಚಿಹೋಗಿತ್ತು. ಅವರು ಹೊಸ ಲ್ಯಾಪ್‌ಟಾಪ್ ಕೊಳ್ಳುವ ಲೆಕ್ಕದಲ್ಲಿದ್ದರು. ಬ್ರಷ್ಷು, ಹೊಸ ಥರ್ಮಲ್ ಪೇಸ್ಟು, ಅರ್ಧ ಗಂಟೆ. ಈಗ ಅದೇ ಯಂತ್ರದಲ್ಲಿ ಆಟ ಸಲೀಸಾಗಿ ಓಡುತ್ತಿದೆ. ಆಟಕ್ಕೆ ದುಡ್ಡು ಹಾಕುವ ಮೊದಲು ಫ್ಯಾನು ನೋಡಿಸಿ.

ಎನ್‌ಹಾನ್ಸ್ಡ್ ಗ್ರಾಫಿಕ್ಸ್ ಪ್ಯಾಕ್ ಅಂತ ಉಚಿತವಾಗಿ ಒಂದು ಬೇರೆಯೇ ಡೌನ್‌ಲೋಡ್ ಸಿಗುತ್ತದೆ. ಉಚಿತ ಅಂತ ಹಾಕಿಕೊಳ್ಳಬೇಡಿ. ಅದು ದೊಡ್ಡ 4ಕೆ ಪರದೆಯವರಿಗೆ.

ಜೊತೆಯವರ ಸಂಗಡ ಆಡುವಾಗ ಇನ್ನೊಂದು ಸಂಗತಿ ಉಂಟು. ಈ ಆಟದಲ್ಲಿ ಎಲ್ಲರ ಕಂಪ್ಯೂಟರೂ ಇಡೀ ಯುದ್ಧವನ್ನು ಏಕಕಾಲಕ್ಕೆ ತಾವೇ ಲೆಕ್ಕ ಹಾಕುತ್ತವೆ. ಜಾಲದಲ್ಲಿ ಹೋಗುವುದು ಆಜ್ಞೆಗಳು ಮಾತ್ರ. 28.8 ಕೆಬಿಪಿಎಸ್ ಮೋಡೆಮ್ ಕಾಲದಲ್ಲಿ ಸಾವಿರಾರು ಸೈನಿಕರನ್ನು ನಡೆಸಲು ಕಂಡುಕೊಂಡ ಉಪಾಯ ಅದು. ಅದರ ಫಲವಾಗಿ ಒಬ್ಬನ ಯಂತ್ರ ನಿಧಾನವಾದರೆ ಎಲ್ಲರ ಆಟವೂ ನಿಧಾನ. ಹಾಗಾಗಿ ಆನ್‌ಲೈನ್ ರ‍್ಯಾಂಕ್ ಪಂದ್ಯಗಳಿಗೆ ಮೊದಲು ಆಟದೊಳಗೇ ಯಂತ್ರದ ವೇಗ ಅಳೆಯುವ ಒಂದು ಬೆಂಚ್‌ಮಾರ್ಕ್ ಪರೀಕ್ಷೆ, 1000 ಅಂಕ ಬರಬೇಕು. ಒಬ್ಬರೇ ಆಡುವವರು ಇದನ್ನು ತಲೆಗೆ ಹಚ್ಚಿಕೊಳ್ಳುವುದು ಬೇಡ.

ಟಚ್‌ಪ್ಯಾಡಿನಲ್ಲಿ ಆಡಬಹುದಾ?

ಆಗುವುದಿಲ್ಲ. ಸಾಧಾರಣ ಮೌಸ್ ಒಂದು ಸಾಕು.

ಮ್ಯಾಕ್‌ಬುಕ್ ಉಂಟು.

ಅದಕ್ಕೆ ಈ ಆಟ ಬಂದಿಲ್ಲ. ಕೆಳಗೆ ಉಚಿತ ಆಟದ ಪ್ರಶ್ನೆ ನೋಡಿ, ಅದು ಮ್ಯಾಕಿನಲ್ಲೂ ಓಡುತ್ತದೆ.

ನಮ್ಮ ಕಡೆಯ ಚರಿತ್ರೆ ಇದರಲ್ಲಿ ಉಂಟಾ? ಹೊಯ್ಸಳರು, ವಿಜಯನಗರ, ಅಬ್ಬಕ್ಕ?

ಇದನ್ನು ಕೇಳದವರೇ ಇಲ್ಲ. 2013ರಲ್ಲಿ ಇಡೀ ಭಾರತಕ್ಕೆ ಸೇರಿಸಿ ಇಂಡಿಯನ್ಸ್ ಅಂತ ಒಂದೇ ಪಂಗಡ ಬಂದಿತ್ತು, ಒಂಟೆ ಏರಿದ ಸೈನಿಕರ ಜೊತೆ. ಕಾಸರಗೋಡಿನಿಂದ ಕಾಶ್ಮೀರದ ತನಕ ಎಲ್ಲರೂ ಒಂಟೆ ಮೇಲೆ! 2022ರ ಏಪ್ರಿಲಿನಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಡಿಎಲ್‌ಸಿ (ಬೇರೆಯಾಗಿ ಕೊಳ್ಳುವ ಹೆಚ್ಚುವರಿ ಭಾಗ) ಬಂದಾಗ ಅದು ಸರಿಯಾಯಿತು. ಇಂಡಿಯನ್ಸ್ ಹೋಗಿ ಹಿಂದುಸ್ತಾನಿಗಳಾದರು, ಹೊಸದಾಗಿ ಬಂಗಾಳಿಗಳು, ಗುರ್ಜರರು, ದ್ರಾವಿಡರು ಬಂದರು. ಕಥೆಯಾಗಿ ಆಡಲು ಬಾಬರ್, ಪಾಲರ ದೇವಪಾಲ, ಚೋಳರ ರಾಜೇಂದ್ರ.

ದ್ರಾವಿಡರು ಅಂದರೆ ಇಲ್ಲಿ ಹೆಚ್ಚುಕಡಿಮೆ ಚೋಳರೇ. ಸೈನಿಕರು ತಮಿಳು ಮಾತಾಡುತ್ತಾರೆ. ವಿಶೇಷ ಸೈನಿಕ ಉರುಮಿ ಹಿಡಿದವನು, ಕಳರಿಪಯಟ್ಟಿನ ಬಳುಕುವ ಕತ್ತಿ ಅದು. ಕನ್ನಡದ ಸದ್ದಿಲ್ಲ. ಆಟದ ಬರಹ ಹಿಂದಿಯಲ್ಲಿ ಸಿಗುತ್ತದೆ, ಮಲಯ ಭಾಷೆಯಲ್ಲೂ ಸಿಗುತ್ತದೆ, ಕನ್ನಡದಲ್ಲಿ ಇಲ್ಲ. ಬೇಜಾರಾಗುವುದಿಲ್ಲವಾ ಅಂದರೆ ಆಗುತ್ತದೆ.

ಆದರೂ ಈ ಪಂಗಡದಲ್ಲಿ ಕರಾವಳಿಯವನ ಕಣ್ಣಿಗೆ ಬೀಳುವಂಥದ್ದು ಕೆಲವು ಉಂಟು. ಇವರ ಮೀನು ಹಿಡಿಯುವವರೂ ದೋಣಿಗಳೂ ಒಂದು ಸಲಕ್ಕೆ 15 ಆಹಾರ ಹೆಚ್ಚು ಹೊತ್ತು ತರುತ್ತವೆ. ಹೊಸ ಯುಗಕ್ಕೆ ಕಾಲಿಟ್ಟಾಗಲೆಲ್ಲ 200 ಮರ ಪುಕ್ಕಟೆ, ದೋಣಿ ಕಟ್ಟಲು ಹೇಳಿಮಾಡಿಸಿದ ಹಾಗೆ. ಕುದುರೆ ಸೈನ್ಯ ಮಾತ್ರ ಕಳಪೆ, ನೈಟ್‌ಗಳೇ ಇಲ್ಲ. ಕುದುರೆಯನ್ನು ಹಡಗಿನಲ್ಲಿ ಅರಬಸ್ತಾನದಿಂದ ತರಿಸುತ್ತಿದ್ದ ದಕ್ಷಿಣಕ್ಕೆ ಇದು ಒಪ್ಪುವ ಮಾತೇ. ಕೋಟೆಯಲ್ಲಿ ಕೊನೆಗೆ ಸಿಗುವ ತಂತ್ರಜ್ಞಾನದ ಹೆಸರು ವೂಟ್ಜ್ ಸ್ಟೀಲ್. ಅದನ್ನು ತೆಗೆದರೆ ನಿಮ್ಮ ಕಾಲಾಳುಗಳ ಕತ್ತಿಗೆ ಎದುರಾಳಿಯ ಕವಚ ಲೆಕ್ಕಕ್ಕೇ ಇಲ್ಲ. ವೂಟ್ಜ್ ಎಂಬುದು ನಮ್ಮ "ಉಕ್ಕು" ಇಂಗ್ಲಿಷರ ಬಾಯಲ್ಲಿ ಕೆಟ್ಟು ಹುಟ್ಟಿದ ಮಾತು ಅಂತ ಹೇಳುತ್ತಾರೆ. ಕನ್ನಡ ಹಿಂಬಾಗಿಲಿನಿಂದ ಬಂದು ಕೂತಿದೆ ಅಂತ ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಅಬ್ಬಕ್ಕ ಇಲ್ಲ, ಪೋರ್ಚುಗೀಸರು ಇದ್ದಾರೆ. 2015ರ ವಿಸ್ತರಣೆಯಲ್ಲಿ ಬಂದವರು, ಡೆಫಿನಿಟಿವ್ ಎಡಿಷನ್ನಿನಲ್ಲಿ ಸೇರಿಯೇ ಸಿಗುತ್ತಾರೆ. ಅವರಿಗೆ ಫೀಟೋರಿಯಾ ಎಂಬ ಕಟ್ಟಡ ಕಟ್ಟಲು ಬರುತ್ತದೆ. ಒಮ್ಮೆ ಕಟ್ಟಿದರೆ ಯಾರೂ ದುಡಿಯದೆ ಆಹಾರ, ಮರ, ಚಿನ್ನ, ಕಲ್ಲು ಮೆಲ್ಲ ಬರುತ್ತಾ ಇರುತ್ತದೆ. ಬದಲಿಗೆ ಇಪ್ಪತ್ತು ಜನರ ಜಾಗ ತಿನ್ನುತ್ತದೆ, ಒಬ್ಬ ಆಟಗಾರನಿಗೆ ಒಟ್ಟು ಮಿತಿಯೇ 200 ಜನ. ಮಂಗಳೂರು, ಬಸರೂರಿನಿಂದ ಅಕ್ಕಿಯ ಕಪ್ಪ ಒಯ್ದವರ ಕಟ್ಟಡ ಹೀಗೆ ಕೂತಲ್ಲೇ ತಿನ್ನುವುದು ಕಂಡಾಗ ನನಗೆ ನಗು ಬಂತು.

ಬೇಕಾದವರು ಅಬ್ಬಕ್ಕನನ್ನು ತಾವೇ ಮಾಡಿಕೊಳ್ಳಬಹುದು. ನಮ್ಮದೇ ಭೂಪಟ, ಕಥೆ ಕಟ್ಟುವ ಸಿನಾರಿಯೋ ಎಡಿಟರ್ ಆಟದ ಒಳಗೇ ಉಂಟು. ನಾನು ಒಂದು ಮಳೆಗಾಲ ಅದಕ್ಕೇ ಕೂತೆ. ನೇತ್ರಾವತಿಯ ತೆಂಕಣ ದಡದಲ್ಲಿ ಉಳ್ಳಾಲ, ಬಡಗಣ ದಡದಲ್ಲಿ ಪೋರ್ಚುಗೀಸರು, ಪಡುವಣದಲ್ಲಿ ಸಮುದ್ರ, ನಡುವೆ ಬೆಂಗ್ರೆಯ ಮರಳ ದಿಬ್ಬ. ದಿಬ್ಬವನ್ನು ಸ್ವಲ್ಪ ಉದ್ದ ಎಳೆದೆ ಅಂತ ಕಾಣುತ್ತದೆ, ಪೋರ್ಚುಗೀಸರ ಹಡಗುಗಳೆಲ್ಲ ಅಳಿವೆ ಬಾಗಿಲಲ್ಲೇ ಒಂದಕ್ಕೊಂದು ಒತ್ತಿ ನಿಂತವು. ಬಂದರಿನ ಮೀನುಗಾರ ಗೆಳೆಯನಿಗೆ ತೋರಿಸಿದೆ. "ಸರಿಯಾಗಿಯೇ ಉಂಟಲ್ಲ, ನಮ್ಮ ಬೋಟೂ ಅಲ್ಲೇ ಹೂಳಲ್ಲಿ ಸಿಕ್ಕುದು" ಅಂದ.

ಇದನ್ನು ಆಡಿದರೆ ಚರಿತ್ರೆ ಕಲಿತ ಹಾಗಾಗ್ತದಾ?

ನಮ್ಮಲ್ಲಿ ಆಟ ಅಂದರೆ ಮೊದಲು ಯಕ್ಷಗಾನ. ಇಡೀ ರಾತ್ರಿ ಆಟ ನೋಡಿದವ ಮಹಾಭಾರತ ಓದಿದ ಹಾಗೆ ಆಯಿತಾ? ಪಾತ್ರಗಳ ಹೆಸರು, ಸಂಬಂಧ, ಯಾರಿಗೆ ಯಾರ ಮೇಲೆ ಹಗೆ ಎಂಬುದು ಮನಸ್ಸಿಗೆ ಇಳಿಯುತ್ತದೆ, ಉಳಿದದ್ದು ವೇಷ, ಚೆಂಡೆ. ಇದೂ ಅಷ್ಟೇ. ಜಪಾನಿನ ಸಮುರಾಯಿಗಳು ಮೆಕ್ಸಿಕೋದ ಅಜ್ಟೆಕರ ಮೇಲೆ ದಂಡೆತ್ತಿ ಹೋಗಬಹುದಾದ ಆಟ ಇದು. ಕ್ಯಾಂಪೇನ್‌ಗಳು, ಅಂದರೆ ಕಥೆಯಾಗಿ ಆಡುವ ಭಾಗಗಳು, ಸ್ವಲ್ಪ ಮೇಲು. ರಾಜೇಂದ್ರನ ಕಥೆ ಆಡಿ ಮುಗಿಸಿದ ಒಬ್ಬ ಹುಡುಗಿ ಚೋಳರು 1025ರಲ್ಲಿ ಶ್ರೀವಿಜಯದ ಮೇಲೆ ಹಡಗು ಕಟ್ಟಿಕೊಂಡು ಹೋದದ್ದು ನಿಜವಾ ಅಂತ ನನ್ನನ್ನು ಕೇಳಿದಳು. ನಿಜ ಅಂದೆ, ಲೈಬ್ರರಿಗೆ ಹೋದಳು. ಹಾಗೆ ಹೋಗದವರೇ ಹೆಚ್ಚು ಅನ್ನುವುದೂ ನಿಜ.

ಯಾವ ಡಿಎಲ್‌ಸಿ ಕೊಳ್ಳಬೇಕು?

ಮೊದಲಿಗೆ ಯಾವುದೂ ಬೇಡ. ಮೂಲ ಆಟ ಬಿಡುಗಡೆಯಾದಾಗಲೇ 35 ಪಂಗಡಗಳು ಇದ್ದವು, ಅದರ ಕ್ಯಾಂಪೇನ್ ಮುಗಿಸಲು ಒಂದು ವರ್ಷ ಸಾಲದು. ಆಮೇಲೆ ಕೊಂಡರೆ ಡೈನಾಸ್ಟೀಸ್ ಆಫ್ ಇಂಡಿಯಾ ಕೊಳ್ಳಿ. ಗೆಳೆಯರ ಹತ್ತಿರ ಇದ್ದು ನಿಮ್ಮ ಹತ್ತಿರ ಇಲ್ಲದಿದ್ದರೂ ಒಟ್ಟಿಗೆ ಆಡಲು ಅಡ್ಡಿಯಿಲ್ಲ. ಆ ಪಂಗಡವನ್ನು ನೀವು ಆರಿಸಲು ಬರುವುದಿಲ್ಲ, ಅಷ್ಟೇ.

ಬೆಲೆಯ ವಿಷಯ ಹೇಳಿ. ಯಾವಾಗ, ಎಲ್ಲಿ ಕೊಳ್ಳುವುದು ಲಾಭ?

ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಬೆಲೆ ರೂಪಾಯಿಯಲ್ಲೇ ಇರುತ್ತದೆ, ಯುಪಿಐಯಲ್ಲಿ ಕೊಡಬಹುದು. ಪೂರ್ತಿ ಬೆಲೆಗೆ ಕೊಂಡವನನ್ನು ನಾನು ಗಡಿಬಿಡಿಯವ ಅಂತ ಕರೆಯುತ್ತೇನೆ. ಅರ್ಧ ಬೆಲೆಗೂ ಕೆಳಗೆ ಇಳಿದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ಸಮ್ಮರ್ ಸೇಲ್ ಜೂನ್ ಕೊನೆಯ ಹೊತ್ತಿಗೆ ಬರುತ್ತದೆ. ಅವರಿಗೆ ಬೇಸಗೆ, ನಮಗೆ ಜಡಿಮಳೆ. ಸಮುದ್ರಕ್ಕೆ ಬೋಟು ಇಳಿಯುವುದಿಲ್ಲ, ಮೈದಾನದಲ್ಲಿ ನೀರು, ಹೊರಗೆ ಕಾಲಿಡುವ ಹಾಗಿಲ್ಲ. ಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಯಾವುದು? ಅದು ತಪ್ಪಿದರೆ ಡಿಸೆಂಬರ್ ಕೊನೆಯ ಸೇಲ್.

ಸ್ಟೀಮಿನ ವಾಪಸಾತಿ ನಿಯಮ ನೆನಪಿಡಿ. ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್. ಆಟ ತೆರೆದಿಟ್ಟು ಊಟಕ್ಕೆ ಎದ್ದು ಹೋದರೂ ಗಡಿಯಾರ ಓಡುತ್ತಲೇ ಇರುತ್ತದೆ. ಈ ಎರಡು ಗಂಟೆಯಲ್ಲಿ ಎಂತ ಮಾಡಬೇಕು ಅಂದರೆ: ಕಲಿಕೆಗೆಂದೇ ಇರುವ ವಿಲಿಯಂ ವ್ಯಾಲೇಸ್ ಕ್ಯಾಂಪೇನಿನ ಮೊದಲೆರಡು ಭಾಗ ಮುಕ್ಕಾಲು ಗಂಟೆ, ಆಮೇಲೆ ಕಂಪ್ಯೂಟರ್ ಎದುರು ಒಂದು ಸಾದಾ ಪಂದ್ಯ. ಕಷ್ಟದ ಮಟ್ಟ ಬೇಕೆಂದೇ ಒಂದು ಮೆಟ್ಟಿಲು ಮೇಲಿಡಿ, ಸೋಲಬೇಕು. ಸೋತ ಪರದೆ ಬಂದಾಗ ನಿಮ್ಮ ಕೈ ಎಲ್ಲಿಗೆ ಹೋಗುತ್ತದೆ ನೋಡಿ. ಹೊಸ ಪಂದ್ಯದ ಬಟನ್ನಿಗೆ ಹೋದರೆ ಇಟ್ಟುಕೊಳ್ಳಿ. ಮೊಬೈಲಿಗೆ ಹೋದರೆ ಹಣ ವಾಪಸ್ ಕೇಳಿ. ಗೆದ್ದಾಗ ಎಲ್ಲ ಆಟವೂ ಚೆಂದವೇ, ಆ ಖುಷಿಯಲ್ಲಿ ಏನೂ ಗೊತ್ತಾಗುವುದಿಲ್ಲ.

ಮೈಕ್ರೋಸಾಫ್ಟಿನ ಪಿಸಿ ಗೇಮ್ ಪಾಸ್ ಚಂದಾ ಇದ್ದವರಿಗೆ ಮೂಲ ಆಟ ಅದರಲ್ಲೇ ಉಂಟು, ಡಿಎಲ್‌ಸಿ ಬೇರೆ. ಒಂದು ತಿಂಗಳು ಚಂದಾ ಕಟ್ಟಿ ಪರೀಕ್ಷೆ ಮಾಡುವುದು ಒಳ್ಳೆಯ ದಾರಿ. ಅಲ್ಲಿಂದ ಆಡುವವರೂ ಸ್ಟೀಮಿನವರೂ ಒಟ್ಟಿಗೆ ಆಡಬಹುದು.

ಬೇರೆ ಬೇರೆ ಸೈಟುಗಳಲ್ಲಿ ಆಟ ತೆರೆಯುವ ಸಂಕೇತವನ್ನು "ಕೀ" ಅಂತ ಕಾಲು ಬೆಲೆಗೆ ಮಾರುತ್ತಾರಲ್ಲ, ಅದರ ಪಾಠ ನಾನು ದುಡ್ಡು ಕೊಟ್ಟು ಕಲಿತದ್ದು. ಬೇರೊಂದು ಆಟಕ್ಕೆ ಅಂಥದ್ದೊಂದು ಕೊಂಡೆ, ಎರಡು ತಿಂಗಳು ಆಡಿದೆ, ಒಂದು ಬೆಳಿಗ್ಗೆ ನೋಡಿದರೆ ನನ್ನ ಪಟ್ಟಿಯಿಂದಲೇ ಮಾಯ. ಮಾರಿದವನಿಗೆ ಬರೆದೆ, ಉತ್ತರ ಇಲ್ಲ. ಯಾರದೋ ಕಳವಾದ ಕಾರ್ಡಿನಿಂದ ಕೊಂಡ ಕೀ ಇರಬೇಕು. ಸೇಲಿಗೆ ಕಾದಿದ್ದರೆ ನೂರಿನ್ನೂರು ಹೆಚ್ಚಿಗೆ ಕೊಟ್ಟು ನೆಟ್ಟಗಿರುತ್ತಿದ್ದೆ.

ಕ್ರ್ಯಾಕ್ ಮಾಡಿದ್ದು ಪೆನ್‌ಡ್ರೈವಿನಲ್ಲಿ ಗೆಳೆಯ ಕೊಡ್ತಾನೆ...

ನಿಮ್ಮ ಲ್ಯಾಪ್‌ಟಾಪ್ ವೈರಸ್ ತೆಗೆಸಲು ನನ್ನ ಮೇಜಿಗೇ ಬರುತ್ತದೆ. ನನಗೆ ವ್ಯಾಪಾರ, ನಿಮಗೆ ಖರ್ಚು.

ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡೂ ಹೋಗ್ತದೆ. ಆಗ?

ಒಮ್ಮೆ ಇಳಿಸಿಕೊಂಡು ಸೈನ್ ಇನ್ ಮಾಡಿ ತೆರೆದಿಟ್ಟರೆ ಕ್ಯಾಂಪೇನ್ ಆಡಲು ನೆಟ್ ಬೇಕಾಗಿಲ್ಲ, ಸ್ಟೀಮನ್ನು ಆಫ್‌ಲೈನ್ ಮೋಡಿನಲ್ಲಿಡಿ. ಆಟ ನಡುನಡುವೆ ತಾನೇ ಸೇವ್ ಮಾಡುತ್ತದೆ. ಆದರೂ ಗುಡುಗು ಕೇಳಿದ ಕೂಡಲೇ ಕೈಯಾರೆ ಒಮ್ಮೆ ಸೇವ್ ಮಾಡಿ, ಚಾರ್ಜರನ್ನು ಗೋಡೆಯಿಂದ ಕಿತ್ತುಬಿಡಿ. ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟು ಬಂದ ಯಂತ್ರಗಳನ್ನು ಜೂನಿನಲ್ಲಿ ನಾನು ನೋಡುವಷ್ಟು ಬೇರೆ ಯಾವ ತಿಂಗಳಲ್ಲೂ ನೋಡುವುದಿಲ್ಲ. ಗೆಳೆಯರ ಜೊತೆ ಆನ್‌ಲೈನಿನಲ್ಲಿ ಆಡುವವರು ರೂಟರನ್ನೂ ಇನ್ವರ್ಟರಿಗೆ ಸೇರಿಸಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿದ್ದು ರೂಟರ್ ಸತ್ತರೆ ಬೈಗುಳ ತಿನ್ನುವುದು ನೀವೇ.

ನಾಲ್ಕನೆಯದು ಹೊಸದಲ್ಲವಾ? ಅದನ್ನೇ ಕೊಂಡರೆ?

2021ರ ಅಕ್ಟೋಬರಿನಲ್ಲಿ ರೆಲಿಕ್ ಕಂಪನಿ ತಂದ ಏಜ್ ಆಫ್ ಎಂಪೈರ್ಸ್ 4 ನೋಡಲು ಚೊಕ್ಕ. 50 ಜಿಬಿ ಜಾಗ, 8 ಜಿಬಿ ರ‍್ಯಾಮ್ ಕೇಳುತ್ತದೆ. ಕ್ಯಾಂಪೇನಿನ ನಡುವೆ ನಿಜವಾದ ಕೋಟೆ, ಊರುಗಳ ಚಿತ್ರೀಕರಣದ ಸಾಕ್ಷ್ಯಚಿತ್ರದಂಥ ತುಣುಕುಗಳು ಬರುತ್ತವೆ, ಅಪ್ಪಂದಿರು ಆಟ ಬಿಟ್ಟು ಅದನ್ನೇ ನೋಡುತ್ತಾರೆ. ದೆಹಲಿ ಸುಲ್ತಾನರು ಅದರಲ್ಲಿ ಇದ್ದಾರೆ: ತಂತ್ರಜ್ಞಾನಗಳೆಲ್ಲ ಅವರಿಗೆ ಪುಕ್ಕಟೆ, ಆದರೆ ಸರಕಾರಿ ಫೈಲಿನಷ್ಟು ನಿಧಾನ, ವಿದ್ವಾಂಸರನ್ನು ಕೂರಿಸಿದರೆ ಬೇಗ. ಹೊಸಬರಿಗೆ ಇದು ಹೆಚ್ಚು ಸುಲಭ. ಒಳ್ಳೆಯ ಯಂತ್ರ ಇದ್ದರೆ ಇದನ್ನೇ ಕೊಳ್ಳಿ ಅಂದರೂ ತಪ್ಪಲ್ಲ. ನನ್ನ ಮನಸ್ಸು ಎರಡನೆಯದರ ಕಡೆ, ಹಳೆಯ ನಂಟು.

ಮೂರನೆಯದು 2005ರದ್ದು, ಅದಕ್ಕೆ 2007ರಲ್ಲಿ ಏಷ್ಯಾದ ವಿಸ್ತರಣೆ ಬಂದು 1857ರ ದಂಗೆಯ ಕಥೆ ಸೇರಿತು. ಹೊಸ ಆವೃತ್ತಿಗೆ 2023ರಿಂದ ಸೀಮಿತ ಉಚಿತ ರೂಪವೂ ಉಂಟು, ಬಿಡಿಗಾಸು ಕೊಡದೆ ಈ ಜಾತಿಯ ಆಟ ನಿಮಗೆ ಒಗ್ಗುತ್ತದಾ ಅಂತ ನೋಡಬಹುದು. ಕೋಟೆ ಕಟ್ಟುವ ಹುಚ್ಚಿನವರಿಗೆ ಸ್ಟ್ರಾಂಗ್‌ಹೋಲ್ಡ್ ಕ್ರುಸೇಡರ್, ಎರಡನೇ ಮಹಾಯುದ್ಧದವರಿಗೆ ಕಂಪನಿ ಆಫ್ ಹೀರೋಸ್.

ಪೂರ್ತಿ ಉಚಿತವಾದದ್ದು ಯಾವುದೂ ಇಲ್ಲವಾ?

0 ಎ.ಡಿ. ಉಂಟು. ವೈಲ್ಡ್‌ಫೈರ್ ಗೇಮ್ಸ್ ಎಂಬ ಹೆಸರಿನಲ್ಲಿ ಸ್ವಯಂಸೇವಕರು ಸೇರಿ ಕಟ್ಟಿದ ಮುಕ್ತ ತಂತ್ರಾಂಶದ ಆಟ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಕಾಲ ಕ್ರಿಸ್ತಪೂರ್ವದ್ದು, ಮೌರ್ಯರು ಇದ್ದಾರೆ, ನಾಯಕರಾಗಿ ಚಂದ್ರಗುಪ್ತ, ಚಾಣಕ್ಯ, ಅಶೋಕ. ಮೌರ್ಯರು ಬಂದ ಆವೃತ್ತಿಗೆ ಮಗಧ ಅಂತಲೇ ಹೆಸರಿಟ್ಟಿದ್ದರು, 2025ರಲ್ಲಿ ಬಂದದ್ದರ ಹೆಸರು ಅಗ್ನಿ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಕೆತ್ತಿದ ನಾಡಿನವರಿಗೆ ಇಷ್ಟು ನಂಟು ಸಾಕು. ಕ್ಯಾಂಪೇನ್ ಆಸೆ ಇಟ್ಟುಕೊಳ್ಳಬೇಡಿ, ಪಂದ್ಯಗಳನ್ನು ಆಡಿ. ಕಾಲೇಜಿನ ಹುಡುಗರಿಗೆ ನಾನು ಮೊದಲು ಇದನ್ನೇ ಹಾಕಿಕೊಡುವುದು. ಇದರಲ್ಲಿ ಒಂದು ತಿಂಗಳು ನಿಂತವನು ಮುಂದೆ ದುಡ್ಡು ಕೊಟ್ಟು ಕೊಂಡದ್ದನ್ನು ಮೂಲೆಗೆ ಹಾಕುವುದಿಲ್ಲ.

ಮೊಬೈಲಿಗೂ ಬಂದಿದೆಯಂತಲ್ಲ?

ಏಜ್ ಆಫ್ ಎಂಪೈರ್ಸ್ ಹೆಸರಿನದೇ ಬೇರೆ ಆಟ, 2024ರದ್ದು. ಒಳಗೆ ಹೋದ ಮೇಲೆ ಅದಕ್ಕೆ ಕೊಡಿ ಇದಕ್ಕೆ ಕೊಡಿ ಅಂತ ಕೈಚಾಚುತ್ತದೆ. ಇಲ್ಲಿ ಬರೆದ ಯಾವುದೂ ಅದಕ್ಕೆ ಅನ್ವಯಿಸುವುದಿಲ್ಲ.

ಮಗ ಎಸ್‌ಎಸ್‌ಎಲ್‌ಸಿ. ತೆಗೆಸಿಕೊಡಬಹುದಾ?

ರಕ್ತಪಾತ ಅಂಥದ್ದೇನಿಲ್ಲ, ಆ ಹೆದರಿಕೆ ಬೇಡ. ತೊಂದರೆ ಇರುವುದು ಸಮಯದ್ದು. "ಒಂಜಿ ನಿಮಿಷ ಅಮ್ಮ" ಅಂದರೆ ಇಲ್ಲಿ ನಲವತ್ತು ನಿಮಿಷ ಅಂತ ಅರ್ಥ. ಅವನು ಸುಳ್ಳು ಹೇಳುವುದಲ್ಲ, ಒಂದು ಪಂದ್ಯ ಅಷ್ಟು ಹೊತ್ತು ಹಿಡಿಯುತ್ತದೆ. ಆನ್‌ಲೈನಿನಲ್ಲಾದರೆ ನಡುವೆ ಎದ್ದರೆ ಜೊತೆಯ ಮೂವರ ಆಟವೂ ಕೆಟ್ಟುಹೋಗುತ್ತದೆ. ಒಬ್ಬನೇ ಆಡುವಾಗ ನಿಲ್ಲಿಸಿಟ್ಟು ಏಳಬಹುದು. ಹಾಗಾಗಿ ಪರೀಕ್ಷೆ ಮುಗಿಯುವ ತನಕ ಕ್ಯಾಂಪೇನ್ ಮಾತ್ರ ಅಂತ ಕರಾರು ಮಾಡಿ, ಅಥವಾ ಸೀದಾ ಏಪ್ರಿಲಿನಲ್ಲಿ ಕೊಡಿಸಿ. ನಾನಾದರೆ ಏಪ್ರಿಲ್.

ನನಗೆ ಅರವತ್ತೆರಡು. ಕೈ ಅಷ್ಟು ಚುರುಕಿಲ್ಲ, ಆಡಿದ್ದೆಲ್ಲ ಸೋಲು. ದಂಡವಾಯಿತಾ?

ಇದು ಮೊದಲು ಹೇಳಿದ ಬ್ಯಾಂಕಿನ ಮಾಮನ ಪ್ರಶ್ನೆ. ಎರಡು ಕೀಲಿ ಕಲಿಯಿರಿ ಅಂದೆ. ಎಚ್ ಒತ್ತಿದರೆ ಟೌನ್ ಸೆಂಟರ್, ಚುಕ್ಕಿ ಒತ್ತಿದರೆ ಕೆಲಸವಿಲ್ಲದೆ ನಿಂತ ವಿಲೇಜರ್. ಇವೆರಡೇ ಅರ್ಧ ಚುರುಕು ತಂದುಕೊಡುತ್ತವೆ. ಆಟದ ವೇಗವನ್ನೂ ಇಳಿಸಬಹುದು, ಅದರಲ್ಲಿ ನಾಚಿಕೆ ಎಂತದ್ದು.

ಅವರ ನಿಜವಾದ ಕಷ್ಟ ಬೇರೆಯೇ ಇತ್ತು. ಮಾಮ ಅಪ್ಪಟ ಸಸ್ಯಾಹಾರಿ, ಕುರಿ ಕಡಿಯುವುದಿಲ್ಲ, ಹಂದಿಯ ತಂಟೆಗೆ ಹೋಗುವುದಿಲ್ಲ. ಬರೀ ಹಣ್ಣಿನ ಪೊದೆ, ಆಮೇಲೆ ಗದ್ದೆ. ಎದುರಾಳಿ ಫ್ಯೂಡಲ್ ದಾಟುವಾಗ ಇವರು ಇನ್ನೂ ಬೀಜ ಬಿತ್ತುತ್ತಿರುತ್ತಾರೆ. ಗುರ್ಜರರನ್ನು ತೆಗೆದುಕೊಳ್ಳಿ ಅಂದೆ. ಆ ಪಂಗಡದವರು ಕುರಿಗಳನ್ನು ಕಡಿಯದೆ ಗಿರಣಿಯೊಳಗೆ ಕಟ್ಟಿಹಾಕಿದರೆ ಆಹಾರ ತಾನಾಗಿ ಬರುತ್ತಾ ಇರುತ್ತದೆ, ಶುರುವಿನಲ್ಲೇ ಹಣ್ಣಿನ ಪೊದೆಗಳೂ ಹೆಚ್ಚಿಗೆ ಸಿಗುತ್ತವೆ. ಮಾಮ ಅದೇ ರಾತ್ರಿ ಡಿಎಲ್‌ಸಿ ಕೊಂಡರು, ಅದೂ ಪೂರ್ತಿ ಬೆಲೆಗೆ. ಸೇಲಿಗೆ ಕಾಯಿರಿ ಅಂತ ನಾನು ಹೇಳಿ ಮುಗಿಸುವಷ್ಟರಲ್ಲಿ ಯುಪಿಐ ಆಗಿತ್ತು.

ಮೊನ್ನೆ ಶನಿವಾರ ರಾತ್ರಿ ಹತ್ತೂವರೆಗೆ ಫೋನು ಬಂತು.

"ಇವತ್ತೂ ಸೋತೆ ಮಾರಾಯ. ಕೋಟೆ ಹೋಯ್ತು, ಟೌನ್ ಸೆಂಟರ್ ಹೋಯ್ತು."

"ಮತ್ತೆ ಮಾಮ?"

"ಕುರಿಗಳೆಲ್ಲ ಗಿರಣಿಯಲ್ಲಿ ಕ್ಷೇಮ. ಇಡ್ತೇನೆ ಈಗ, ಇನ್ನೊಂದು ಹಾಕಿಯಾಯ್ತು."